ಮೂರನೇ ಬಾಗಿಲಿನ ಚಿತ್ರ

ಊಟದ ಹಾಲ್‌ನ ದೊಡ್ಡ ಗೋಡೆಯ ಹಿಂದೆ ಹಬೆಯ ಪೈಪು ಒಡೆದಾಗ ಅಡುಗೆಯವರು ಒಲೆಗಳನ್ನು ಹಾಗೇ ಬಿಟ್ಟು ಆ ಗೋಡೆಯ ಮೇಲಿನ ದೊಡ್ಡ ತಗಡಿನ ಚಿತ್ರದ ಕಡೆಗೆ ಓಡಿದರು. ಒಬ್ಬ ಒದ್ದೆ ಕಂಬಳಿ ಹಿಡಿದು ನಿಂತ, ಇನ್ನೊಬ್ಬ ಹಲಗೆ ತಂದು ಅಡ್ಡ ಇಟ್ಟ, ಮುಖ್ಯ ಅಡುಗೆಯವಳು ಪೈಪು ನಿಲ್ಲಿಸಲು ಗೋಡೆಯ ಹಿಂದೆ ನುಗ್ಗಿ ಮೊಣಕೈ ಸುಟ್ಟುಕೊಂಡಳು. ಇಷ್ಟೆಲ್ಲ ಮಾಡಿಯೂ ಹಬೆ ನಿಲ್ಲುವ ಹೊತ್ತಿಗೆ ಚಿತ್ರದ ಎಡಭಾಗದ ಬಣ್ಣ ಸುಟ್ಟ ಚರ್ಮದ ಹಾಗೆ ಬೊಬ್ಬೆ ಎದ್ದು, ಚಕ್ಕೆ ಚಕ್ಕೆಯಾಗಿ ನೆಲಕ್ಕೆ ಉದುರಿತ್ತು.

ಆ ಊರು ಇದ್ದದ್ದು ನೆಲದ ಅಡಿಯಲ್ಲಿ. ಮೇಲೆ ಗಾಳಿಯಿಲ್ಲದ ಬಯಲು, ಬೂದು ಧೂಳು, ಅಂಗಿಯ ಗುಂಡಿಯಷ್ಟೇ ಕಾಣುವ ಸೂರ್ಯ. ಮೂರು ತಲೆಮಾರುಗಳ ಹಿಂದೆ ಹಡಗಿನಲ್ಲಿ ಬಂದಿಳಿದವರು ಬಂಡೆ ಕೊರೆದು ಸುರಂಗ ಮಾಡಿಕೊಂಡರು, ಸುರಂಗಗಳನ್ನೇ ಬೀದಿ ಎಂದು ಕರೆದರು. ಒಂದೊಂದು ಬೀದಿಯ ಕೊನೆಗೂ ಉಕ್ಕಿನ ಬಾಗಿಲು. ಬಾಗಿಲ ನೆತ್ತಿಯಲ್ಲಿ ಒಂದು ದೀಪ. ಆಚೆ ಗಾಳಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಈ ಎರಡು ಬಣ್ಣಗಳ ಅರ್ಥ ಅಲ್ಲಿನ ಮಕ್ಕಳಿಗೆ ಮಾತು ಬರುವ ಮೊದಲೇ ಗೊತ್ತಾಗುತ್ತಿತ್ತು.

ಮೂವತ್ತೊಂದು ವರ್ಷಗಳ ಹಿಂದೆ ಮೂರನೇ ಬಾಗಿಲಿನ ಆಚೆಯ ಬೀದಿಯ ಚಾವಣಿ ಬಿರುಕು ಬಿಟ್ಟಿತು. ಕಾವಲಿಗಿದ್ದ ಹೆಂಗಸು ಬಾಗಿಲು ಮುಚ್ಚಿದಳು. ಈಚೆ ನಾನೂರು ಜನ ಉಳಿದರು, ಆಚೆ ಹನ್ನೊಂದು ಜನ ಸತ್ತರು. ಚಿತ್ರದಲ್ಲಿದ್ದದ್ದು ಆ ಗಳಿಗೆ. ಬಲಕ್ಕೆ ಹನ್ನೊಂದು ಜನ ಬಾಯಿ ತೆರೆದು ಓಡಿ ಬರುತ್ತಿದ್ದಾರೆ, ಅವರೆಲ್ಲರಿಗಿಂತ ಮುಂದೆ ಹಳದಿ ಅಂಗಿಯ ತರುಣಿಯೊಬ್ಬಳು. ನಡುವೆ ಅರ್ಧ ಸರಿದ ಬಾಗಿಲು. ಎಡಕ್ಕೆ ಕಾವಲಿನವಳು ಒಬ್ಬಳೇ, ಎರಡೂ ಕೈ ಬಾಗಿಲಿಗೆ ಕೊಟ್ಟು, ಹಲ್ಲು ಕಚ್ಚಿ ತಳ್ಳುತ್ತಿದ್ದಾಳೆ. ಅವಳ ತಲೆಯ ಮೇಲೆ ದೀಪ ಹಸಿರಾಗಿ ಉರಿಯುತ್ತಿದೆ.

ನೋಡಿದವರಿಗೆ ಆ ಹಸಿರೇ ಸಾಕಿತ್ತು. ಇನ್ನೂ ಗಾಳಿಯಿತ್ತು, ಇನ್ನೂ ಹೊತ್ತಿತ್ತು, ಆದರೂ ಮುಚ್ಚಿಬಿಟ್ಟಳು. ವಿಚಾರಣೆ ನಡೆಸಿದ ಮಂಡಳಿ ‘ಬಾಗಿಲು ಮುಚ್ಚಿದ್ದು ಸರಿ’ ಎಂದು ಒಂದೇ ಸಾಲು ಬರೆದು ಕೈ ತೊಳೆದುಕೊಂಡಿತ್ತು. ಆ ಸಾಲು ಕಡತದಲ್ಲಿ ಉಳಿಯಿತು. ಚಿತ್ರವನ್ನು ಮಾತ್ರ ಊರಿನವರೆಲ್ಲ ದಿನಕ್ಕೆ ಮೂರು ಹೊತ್ತು ನೋಡುತ್ತ ಉಂಡರು. ಉಣ್ಣುವಾಗ ಅವಳನ್ನು ಶಪಿಸುವುದು ಬಾಯಿ ಒರೆಸಿಕೊಂಡಷ್ಟು ಸಹಜವಾಗಿತ್ತು.

ಚಿತ್ರ ಬರೆದವರು ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಹಳದಿ ಅಂಗಿಯ ತರುಣಿ ಅವರ ಹೆಂಡತಿ.

ಹಬೆ ಹಾಳು ಮಾಡಿದ್ದು ಕಾವಲಿನವಳನ್ನು, ದೀಪವನ್ನು, ಅವಳ ಹಿಂದಿನ ಖಾಲಿ ಗೋಡೆಯನ್ನು. ಸ್ಮರಣೆಯ ದಿನಕ್ಕೆ ಇನ್ನು ಹದಿನಾರೇ ದಿನ. ಮೇಷ್ಟ್ರಿಗೆ ಎಪ್ಪತ್ತು ದಾಟಿತ್ತು, ಕೈ ನಡುಗುತ್ತಿತ್ತು. ಊರಿನಲ್ಲಿ ಕುಂಚ ಹಿಡಿಯಲು ಬರುತ್ತಿದ್ದವಳು ಇನ್ನೊಬ್ಬಳೇ ಒಬ್ಬಳು, ಪೈಪುಗಳಿಗೆ ಬಣ್ಣ ಬಳಿಯುವವಳು. ಅವಳು ಆ ಕಾವಲಿನವಳ ಮಗಳು.

ಊಟದ ಹಾಲ್‌ನ ಮೇಲ್ವಿಚಾರಕಿ ಬಣ್ಣದ ಕೋಣೆಗೆ ಬಂದಾಗ ಮಗಳು ತುಕ್ಕನ್ನು ಜರಡಿ ಹಿಡಿಯುತ್ತಿದ್ದಳು. ಅಲ್ಲಿ ಎಲ್ಲ ಬಣ್ಣವೂ ಕೈಯಲ್ಲೇ ಆಗಬೇಕು. ತುಕ್ಕಿನಿಂದ ಕೆಂಪು, ಗಾಳಿ ಸೋಸುವ ಜಾಲರಿಯ ಮಸಿಯಿಂದ ಕಪ್ಪು, ತಾಮ್ರದ ಚೂರನ್ನು ಹುಳಿ ನೀರಿನಲ್ಲಿ ಕೊಳೆಸಿದರೆ ಹಸಿರು. ನೀರಿನ ಪೈಪಿಗೆ ನೀಲಿ ಪಟ್ಟಿ, ಗಾಳಿಯದಕ್ಕೆ ಬಿಳಿ, ಕೊಚ್ಚೆಯದಕ್ಕೆ ಕಂದು. ಬೆನ್ನ ಮೇಲೆ ಮಲಗಿಕೊಂಡು ಕೈಯೆತ್ತಿ ಅಕ್ಷರ ಬರೆಯುವುದು ಅವಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ನಿಂತು ಬರೆದರೇ ಅಕ್ಷರ ಸೊಟ್ಟಗಾಗುತ್ತಿದ್ದವು.

“ನನ್ನ ಕೈಗೆ ಕೊಡ್ತೀರಾ? ಮೇಷ್ಟ್ರು ಒಪ್ಪಿದ ಹಾಗೇ,” ಎಂದಳು ಮಗಳು.

“ಅರ್ಧ ಗಂಟೆ ಕೂಗಾಡಿದ್ರು. ಆಮೇಲೆ ಷರತ್ತು ಹಾಕಿದ್ರು. ತಾವು ಪಕ್ಕದಲ್ಲೇ ಕೂತು ಹೇಳ್ತಾರಂತೆ. ಹೇಳಿದಷ್ಟೇ ನೀನು ಬಳೀಬೇಕಂತೆ.”

“ನಮ್ಮಮ್ಮನ ಮುಖಾನೂ?”

“ಅದೂನೂ.”

“ಅಕ್ಕಾ, ಉಗುಳಿಸ್ಕೊಂಡು ಕೆಲಸ ಮಾಡು ಅಂತಿದ್ದೀರಲ್ಲ.”

“ಉಗುಳಿದ್ರೆ ಒರೆಸ್ಕೊ. ಹದಿನಾರು ದಿನ ಇದೆ, ಅಷ್ಟೇ.”

ಮಗಳು ಒಪ್ಪಿದ್ದು ಮೇಲ್ವಿಚಾರಕಿಯ ಮಾತಿಗಲ್ಲ. ಚಿಕ್ಕವಳಿದ್ದಾಗ ಡ್ರಾಯಿಂಗ್ ತರಗತಿಗೆ ಹೋದರೆ ಮೇಷ್ಟ್ರು ಅವಳನ್ನು ಹೊರಗೆ ಕಳಿಸುತ್ತಿದ್ದರು. “ನಿನ್ನ ಕೈಗೆ ಪೆನ್ಸಿಲ್ ಬೇರೆ ಕೇಡು” ಎನ್ನುತ್ತಿದ್ದರು. ಅವಳು ಬಾಗಿಲ ಸಂದಿನಲ್ಲಿ ಕಣ್ಣಿಟ್ಟು ಕಾರಿಡಾರಿನಲ್ಲೇ ಕೂತು ಕಲಿತಳು. ಆದರೆ ಆ ಹಳೆಯ ಸಿಟ್ಟೂ ಕಾರಣವಲ್ಲ. ಕಾರಣ ಆ ದೀಪ. ದೀಪ ಕೆಂಪಾಗಿತ್ತು, ಕೆಂಪಾದ ಮೇಲೇ ಮುಚ್ಚಿದೆ ಎಂದು ಅಮ್ಮ ಹೇಳಿದ್ದಳು. ಏಳನೇ ವಯಸ್ಸಿನಿಂದ ಮೂವತ್ತೆಂಟರವರೆಗೆ ಮಗಳು ಆ ಮಾತನ್ನು ಎದೆಗೆ ಕಟ್ಟಿಕೊಂಡು ಬದುಕಿದ್ದಳು. ಅದಕ್ಕಾಗಿ ಜಗಳವಾಡಿದ್ದಳು, ಹೊಡೆಸಿಕೊಂಡಿದ್ದಳು. ಕಟ್ಟಿಕೊಂಡ ಗಂಡ ಒಮ್ಮೆ ಊಟಕ್ಕೆ ಕೂತವನು “ಹಸಿರಿತ್ತು ಅಂತಾರಪ್ಪ ಎಲ್ರೂ” ಎಂದಿದ್ದಕ್ಕೆ ಅವನನ್ನೂ ಬಿಟ್ಟಿದ್ದಳು. ಈಗ ಅದೇ ದೀಪವನ್ನು ಬರೆಯಲು ಅವಳ ಕೈಗೇ ಕುಂಚ ಕೊಡುತ್ತಿದ್ದಾರೆ.

ಅಮ್ಮ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಚಾದರ ಮಡಿಸುವ ಕೆಲಸದಲ್ಲಿದ್ದಳು. ಕಾವಲಿನಿಂದ ತೆಗೆದು ಅಲ್ಲಿಗೆ ಹಾಕಿದ್ದರು. ಊಟದ ಹಾಲ್‌ಗೆ ಕಾಲಿಡದೆ, ಡಬ್ಬಿಯಲ್ಲಿ ತರಿಸಿಕೊಂಡು ಮನೆಯಲ್ಲೇ ಉಣ್ಣುತ್ತಿದ್ದಳು. ಚಿತ್ರದ ಕೆಲಸ ಒಪ್ಪಿಕೊಳ್ಳಲಾ ಎಂದು ಮಗಳು ಅವಳನ್ನು ಕೇಳಿದಳು.

“ಬೇಡ ಅಂದ್ರೆ ಬಿಡ್ತೀಯಾ?”

“ಇಲ್ಲ.”

“ಮತ್ತೆ ನನ್ನ ಕೇಳೋದ್ಯಾಕೆ?”

ಮೊದಲ ದಿನ ಮೇಷ್ಟ್ರು ಕುರ್ಚಿಯನ್ನು ಏಣಿಯ ಬುಡಕ್ಕೇ ಹಾಕಿಸಿಕೊಂಡು ಕೂತರು. ಒಣಗಿದ ಮೈ, ಮೊಣಕಾಲುಗಳ ನಡುವೆ ಕೋಲು. ಅವಳು ಎದ್ದ ಬಣ್ಣವನ್ನು ಕೆರೆದು, ತಗಡನ್ನು ಉಜ್ಜಿ, ಮೊದಲ ಲೇಪ ಹಚ್ಚುವವರೆಗೆ ಅವರು ತುಟಿ ಬಿಚ್ಚಲಿಲ್ಲ. ನಾಲ್ಕನೇ ದಿನ ಮುಖಕ್ಕೆ ಕೈ ಹಾಕಿದಾಗ ಬಾಯಿ ತೆರೆದರು.

“ತುಟಿ ಬಿಗಿ ಮಾಡು.”

ಮಾಡಿದಳು.

“ಇನ್ನೂ. ಅದೇನು, ಅಳೋ ಹಾಗಿದೆ. ನಿಮ್ಮಮ್ಮ ಅತ್ತವಳಲ್ಲ.”

“ಸರಿ.”

“ಕಣ್ಣು ಕಿರಿದು ಮಾಡು. ಅದರಲ್ಲಿ ಒಂದು ಹನಿ ನೀರಿರಲಿಲ್ಲ ಅವತ್ತು.”

“ನಿಮಗೆ ಹೇಗೆ ಗೊತ್ತು? ನೀವು ಶಾಲೇಲಿದ್ರಲ್ಲ.”

ಕೋಲು ಏಣಿಗೆ ಬಡಿಯಿತು. ಏಣಿ ಅಲುಗಿ ಅವಳು ಚೌಕಟ್ಟು ಹಿಡಿದುಕೊಂಡಳು.

“ಬಾಯಿ ಮುಚ್ಕೊಂಡು ಬಳಿ. ನಿನ್ನ ಪ್ರಶ್ನೆಗೆ ಉತ್ತರ ಹೇಳೋಕೆ ಬಂದಿಲ್ಲ ನಾನು.”

ಊಟದ ಹೊತ್ತಿಗೆ ಜನ ತುಂಬಿಕೊಳ್ಳುತ್ತಿದ್ದರು. ತಟ್ಟೆ ಹಿಡಿದು ಏಣಿಯ ಕೆಳಗೆ ನಿಂತು ಸಲಹೆ ಕೊಡುವವರಿಗೆ ಬರವಿರಲಿಲ್ಲ. “ಮೂಗು ಇನ್ನೂ ಸ್ವಲ್ಪ ಉದ್ದ ಬರೀಬೇಕಿತ್ತು, ಮನೇಲೇ ಮಾದರಿ ಇದೆಯಲ್ಲ,” ಎಂದ ಪಂಪ್ ಮನೆಯವನು. “ಚೆನ್ನಾಗಿ ಬರಿಯಮ್ಮ, ನೋಡ್ತಾ ನೋಡ್ತಾ ನಮಗೆ ಊಟ ಸೇರಬೇಕು,” ಎಂದ ಇನ್ನೊಬ್ಬ. ಅವರ ಮೇಜು ಗೊಳ್ಳೆಂದು ನಕ್ಕಿತು. ಮುಖ್ಯ ಅಡುಗೆಯವಳು ನಗಲಿಲ್ಲ. ಚಿತ್ರದಲ್ಲಿ ಹಳದಿ ಅಂಗಿಯ ಹಿಂದೆ ಮೂರನೆಯವನಾಗಿ ಓಡಿ ಬರುತ್ತಿದ್ದವನು ಅವಳ ತಮ್ಮ. ಅವಳು ಬ್ಯಾಂಡೇಜು ಸುತ್ತಿದ ಕೈಯಲ್ಲೇ ಸೌಟು ಹಿಡಿದು, ಏಣಿಯ ಮೇಲಿನವಳನ್ನು ದುರುಗುಟ್ಟಿ ನೋಡುತ್ತ ಬಡಿಸುತ್ತಿದ್ದಳು.

ಮಗಳು ಸಹಿಸಿಕೊಂಡಳು. ಆ ಬಿಗಿದ ತುಟಿ, ಕಿರಿದಾದ ಕಣ್ಣು ಅವಳಿಗೆ ಹೊಸದಾಗಿರಲಿಲ್ಲ. ಮಡಿಸಿದ ಚಾದರದ ಅಂಚು ಕೂಡದಿದ್ದರೆ ಅಮ್ಮ ಹೀಗೇ ಇರುತ್ತಿದ್ದಳು. ಮೇಷ್ಟ್ರು ಅದನ್ನು ಕ್ರೌರ್ಯ ಅಂದುಕೊಂಡಿದ್ದರು. ಅವರು ಹೇಳಿದ್ದನ್ನೇ ಬರೆದಳು. ಮುಖ ಮುಗಿದಾಗ ಅವರು ಬಹಳ ಹೊತ್ತು ನೋಡಿ, “ಹೂಂ” ಎಂದರು.

ಆರನೇ ದಿನ ಅವಳು ಬಣ್ಣದ ಕೋಣೆಯಿಂದ ಕೆಂಪು ತುಂಬಿದ ಡಬ್ಬಿ ತಂದಳು.

“ಅದೇನದು?”

“ದೀಪಕ್ಕೆ.”

“ದೀಪ ಹಸಿರು.”

“ಕೆಂಪು. ಕೆಂಪಾದ್ಮೇಲೇ ಮುಚ್ಚಿದ್ದು. ಮೂವತ್ತೊಂದು ವರ್ಷ ನೀವು ಸುಳ್ಳು ನೇತು ಹಾಕಿದ್ದು ಸಾಕು ಮೇಷ್ಟ್ರೇ.”

ಮೇಷ್ಟ್ರು ಎದ್ದರು. ಕೋಲು ಬೀಸಿದ ರಭಸಕ್ಕೆ ಡಬ್ಬಿ ಹಾರಿ ಮೇಜಿನ ಕಾಲಿಗೆ ಬಡಿದು ಕೆಂಪೆಲ್ಲ ನೆಲದ ಪಾಲಾಯಿತು. ಅಡುಗೆಮನೆಯಿಂದ ಇಬ್ಬರು ಓಡಿ ಬಂದರು. ಅವರನ್ನು ಕೈ ಸನ್ನೆಯಲ್ಲೇ ತಡೆದು ಮೇಷ್ಟ್ರು ಕೇಳಿದರು:

“ಯಾರು ಹೇಳಿದ್ದು ನಿನಗೆ?”

“ನಮ್ಮಮ್ಮ.”

ಮೇಷ್ಟ್ರು ನಕ್ಕರು. ಅವರು ನಕ್ಕದ್ದನ್ನು ಆ ಹಾಲ್‌ನಲ್ಲಿ ಯಾರೂ ಕಂಡಿರಲಿಲ್ಲ. “ಹೋಗು. ಹೋಗಿ ಇನ್ನೊಂದು ಸಲ ಕೇಳು. ಮೇಷ್ಟ್ರು ಕೇಳಿಸಿದ್ರು ಅಂತ ಹೇಳಿ ಕೇಳು. ಕೆಂಪು ಅಂದ್ರೆ ವಾಪಸ್ ಬಂದು ಕೆಂಪೇ ಬಳಿ. ನಾನು ಕೋಲು ಮುಟ್ಟಲ್ಲ.”

ಅವಳು ಕೈಯಲ್ಲಿನ ಬಣ್ಣವನ್ನೂ ಒರೆಸಿಕೊಳ್ಳದೆ ಹೋದಳು. ಬಟ್ಟೆ ವಿಭಾಗದಲ್ಲಿ ದೊಡ್ಡ ಡ್ರಮ್ಮುಗಳು ಗರಗರ ತಿರುಗುತ್ತಿದ್ದವು. ಅಮ್ಮ ಉದ್ದ ಮೇಜಿನ ತುದಿಯಲ್ಲಿ ಬಿಸಿ ಚಾದರ ಮಡಿಸುತ್ತಿದ್ದಳು.

“ಅಮ್ಮಾ, ದೀಪ ಯಾವ ಬಣ್ಣ ಇತ್ತು?”

“ಯಾರು ಕೇಳಿಸಿದ್ದು?”

“ಮೇಷ್ಟ್ರು.”

ಅಮ್ಮ ಚಾದರದ ಮೂಲೆಗೆ ಮೂಲೆ ಸೇರಿಸಿ, ಅಂಗೈಯಿಂದ ನೆರಿಗೆ ತೀಡಿ ಪಕ್ಕಕ್ಕಿಟ್ಟಳು.

“ಹಸಿರು.”

ಮಗಳಿಗೆ ಡ್ರಮ್ಮುಗಳ ಸದ್ದು ನಿಂತೇಹೋದ ಹಾಗಾಯಿತು.

“ನೀನು ಏಳು ವರ್ಷದವಳು ಆಗ,” ಎಂದಳು ಅಮ್ಮ. “ತಲೆ ಒಡೆಸ್ಕೊಂಡು ಬಂದಿದ್ದೆ. ನಿಮ್ಮಮ್ಮ ಹಸಿರಿಗೇ ಮುಚ್ಚಿದ್ಲಂತೆ ಅಂತಾರೆ ಅಂದೆ ನೀನು. ಕೆಂಪು ಇತ್ತು ಅಂತ ಹೇಳು ಹೋಗು ಅಂದೆ ನಾನು. ಬಾಯಿಂದ ಹೊರಟುಹೋಯ್ತು. ಆಮೇಲೆ ನೀನು ಅದನ್ನೇ ಹಿಡ್ಕೊಂಡು ಊರೆಲ್ಲ ಜಗಳ ಆಡ್ತಿದ್ದೆ. ವಾಪಸ್ ತಗೊಳ್ಳೋಕೆ ಧೈರ್ಯ ಬರ್ಲಿಲ್ಲ.”

“ಹಾಗಾದ್ರೆ ಯಾಕೆ ಮುಚ್ಚಿದೆ?”

“ನೆಲದ ಮೇಲಿನ ಧೂಳು ತಾನಾಗೇ ಆಚೆಗೆ ಹರೀತಿತ್ತು, ನೀರಿನ ಹಾಗೆ. ಕಿವಿ ಗುಂಯ್ ಅಂತು. ಆ ದೀಪ ತಡವಾಗಿ ಎಚ್ಚರ ಆಗೋದು ಕಣೇ. ಅದು ಕೆಂಪಾಗೋ ಹೊತ್ತಿಗೆ ಗಾಳಿಯ ಎಳೆತಕ್ಕೆ ಬಾಗಿಲು ಹಳಿಗೆ ಕಚ್ಕೊಂಡುಬಿಡುತ್ತೆ, ಯಾರು ತಳ್ಳಿದ್ರೂ ಜಗ್ಗಲ್ಲ. ಹಸಿರಿರುವಾಗ್ಲೇ ತಳ್ಳಬೇಕು. ತಳ್ಳಿದೆ.”

“ಇದೆಲ್ಲ ಮೇಷ್ಟ್ರಿಗೆ ಹೇಗೆ ಗೊತ್ತು?”

ಅಮ್ಮ ಇನ್ನೊಂದು ಚಾದರ ಎಳೆದುಕೊಂಡಳು. “ಅವ್ರು ಅಲ್ಲೇ ಇದ್ರಲ್ಲ. ಶಾಲೆಗೆ ರಜ ಹಾಕಿ ಹೆಂಡ್ತಿ ಜೊತೆ ಆ ಬೀದೀಲಿದ್ರು. ಚಾವಣಿ ಸದ್ದಾದಾಗ ಇಬ್ರೂ ಓಡಿದ್ರು. ಅವ್ರ ಕಾಲು ಜೋರು. ಒಳಗೆ ಬಂದ್ರು. ಅವಳು ಇನ್ನೂ ಮೂವತ್ತು ಹೆಜ್ಜೆ ದೂರ ಇದ್ಲು.”

“ಇದನ್ನ ಯಾರಿಗೂ ಹೇಳ್ಲಿಲ್ವಾ ನೀನು?”

“ಹೇಳಿ?”

“ಹೇಳಿ ಅಂದ್ರೆ? ನಿನ್ನ ಮುಖ ಗೋಡೆ ಮೇಲೆ ಹಾಕಿ ಊರಿಗೂರೇ ಬೈತಿದೆ! ಆ ಮನುಷ್ಯ ತಾನು ಓಡಿ ಬಂದು ಬದುಕ್ಕೊಂಡು...”

“ಮೆಲ್ಲಗೆ,” ಎಂದಳು ಅಮ್ಮ. “ದೀಪದ ಬಣ್ಣ ಕೇಳ್ದೆ, ಹೇಳ್ದೆ. ಉಳಿದದ್ದು ನನ್ನ ವಿಷಯ. ಅಲ್ಲಿಗೆ ಬಿಟ್ಟುಬಿಡು.”

ಮರುದಿನ ಬೆಳಿಗ್ಗೆ ಮಗಳು ಹಸಿರು ಕಲೆಸಿದಳು. ಮೇಷ್ಟ್ರು ಕುರ್ಚಿಯ ತುದಿಗೆ ಸರಿದು ಕೂತಿದ್ದರು.

“ಏನಂದ್ಲು?”

“ಹಸಿರು ಅಂದ್ರು.”

“ಇನ್ನೇನಂದ್ಲು?”

ಅವಳು ತಿರುಗಿ ನೋಡಿದಳು. ಆ ಮುದಿ ಕಣ್ಣುಗಳಲ್ಲಿ ಹೆದರಿಕೆಯಿತ್ತು. ಅಮ್ಮ ಬಿಟ್ಟುಬಿಡು ಎಂದದ್ದು ನೆನಪಾಯಿತು.

“ಇನ್ನೇನೂ ಇಲ್ಲ,” ಎಂದಳು.

ಹೆದರಿಕೆ ಇಳಿಯಿತು. ಇಳಿದದ್ದೇ ತಡ, ಮೇಷ್ಟ್ರಿಗೆ ಹುರುಪು ಬಂತು. ಮಧ್ಯಾಹ್ನ ಹಾಲ್ ತುಂಬಿದಾಗ ಅವರು ಕೋಲೂರಿ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಕೇಳ್ಕೊಳ್ಳಿ! ಹಸಿರಿತ್ತು ಅಂತ ಅವಳ ಬಾಯಿಂದಾನೇ ಬಂತಂತೆ. ಇಗೋ, ಮಗಳೇ ಸಾಕ್ಷಿ. ಇಷ್ಟು ವರ್ಷ ಕೆಂಪು ಕೆಂಪು ಅಂತ ನಮ್ಮನ್ನ ಸುಳ್ಳುಗಾರರು ಮಾಡಿದ್ಲಲ್ಲ ಇವಳು!”

ಹಾಲ್‌ನಲ್ಲಿ ಗದ್ದಲವೆದ್ದಿತು. ಯಾರೋ ಎಸೆದ ಲೋಟ ಏಣಿಯ ಪಕ್ಕ ಗೋಡೆಗೆ ಬಡಿಯಿತು. ಸಂಜೆ ಅಮ್ಮ ಮನೆಗೆ ಬಂದಾಗ ಅವಳ ರವಿಕೆಯ ತೋಳು ಹರಿದಿತ್ತು. ಜೊತೆಯಲ್ಲಿ ಇಪ್ಪತ್ತು ವರ್ಷ ಚಾದರ ಮಡಿಸಿದವರೇ ಮೇಜಿನಿಂದ ಎಳೆದು ಆಚೆ ಹಾಕಿದ್ದರು. ಅಮ್ಮ ಸೂಜಿಗೆ ದಾರ ಪೋಣಿಸಿಕೊಂಡು ಹೊಲಿಯಲು ಕೂತಳು.

ಹತ್ತನೇ ದಿನ ಮೇಷ್ಟ್ರು ಎದೆಯಲ್ಲಿ ಕಫ ಕಟ್ಟಿ ಹಾಸಿಗೆ ಹಿಡಿದರು. ಉಳಿದದ್ದು ಖಾಲಿ ಗೋಡೆಯೊಂದೇ, ಅದಕ್ಕೆ ತಾವು ಬರಬೇಕಾಗಿಲ್ಲ, ಬೂದು ಬಳಿದು ಮುಗಿಸಲಿ ಎಂದು ಹೇಳಿ ಕಳಿಸಿದರು. ಮಗಳು ಮೇಲ್ವಿಚಾರಕಿಯಿಂದ ಒಂದು ಪರದೆ ಕೇಳಿ ತಂದು, ಧೂಳು ಕೂರಬಾರದೆಂದು ಹೇಳಿ ಚಿತ್ರಕ್ಕೆ ಅಡ್ಡ ಕಟ್ಟಿದಳು. ಅದರ ಹಿಂದೆ ನಾಲ್ಕು ದಿನ ಕೆಲಸ ಮಾಡಿದಳು.

ಮೇಷ್ಟ್ರ ಪ್ರಾಯದ ಮುಖ ಅವಳಿಗೆ ಬಾಯಿಪಾಠವಿತ್ತು. ತರಗತಿಯ ಬಾಗಿಲ ಸಂದಿನಿಂದ ವರ್ಷಗಟ್ಟಲೆ ನೋಡಿದ ಮುಖ ಅದು. ಆ ದಪ್ಪ ಹುಬ್ಬು, ಮುರಿದು ಕೂಡಿದ ಮೂಗು, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್ ಕೂಡ. ಅಮ್ಮನ ಹಿಂದೆ, ಎರಡು ಹೆಜ್ಜೆ ಅಂತರದಲ್ಲಿ, ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿದಳು. ಕಣ್ಣನ್ನು ಬಾಗಿಲ ಸಂದಿನಾಚೆಯ ಹಳದಿ ಅಂಗಿಗೆ ನೆಟ್ಟಳು. ಕೈಗಳನ್ನು ಎಲ್ಲಿಡುವುದೆಂದು ಅವಳಿಗೆ ತಿಳಿಯಲಿಲ್ಲ. ಅದನ್ನು ಅಮ್ಮನ ಹತ್ತಿರ ಕೇಳುವ ಹಾಗಿರಲಿಲ್ಲ. ಕೊನೆಗೆ ಎರಡು ಅಂಗೈಗಳನ್ನೂ ಕಿವಿಯ ಮೇಲೆ ಒತ್ತಿಸಿದಳು, ಹೊರಗಿನ ಕೂಗು ಕೇಳಲಾಗದವನ ಹಾಗೆ. ಪೆನ್ಸಿಲ್ ಬೆರಳ ಸಂದಿನಲ್ಲಿ ಸಿಕ್ಕಿಕೊಂಡಿತು. ಅದು ಚೆನ್ನಾಗಿ ಬಂತು. ತಾನು ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿದೆ ಎಂದು ಅವಳಿಗೇ ಗೊತ್ತಾಯಿತು. ಸಂತೋಷಪಟ್ಟಳು. ಆ ಸಂತೋಷದಲ್ಲಿ ವಿಷವಿತ್ತು.

ಸ್ಮರಣೆಯ ದಿನ ಬೆಳಿಗ್ಗೆ ಊರಿಗೆ ಊರೇ ಹಾಲ್‌ನಲ್ಲಿ ಸೇರಿತು. ಹನ್ನೊಂದು ಹೆಸರುಗಳನ್ನು ಓದಿದರು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತಿದ್ದರು. ಮೇಲ್ವಿಚಾರಕಿ ಪರದೆಯ ದಾರ ಎಳೆದಳು.

ಹಿಂದಿನವರು ಕುತ್ತಿಗೆ ಚಾಚಿ ನೋಡಿದರು. ಆಮೇಲೆ ಪಂಪ್ ಮನೆಯವನು ದೊಡ್ಡದಾಗಿಯೇ ಕೇಳಿದ: “ಅಲ್ಲಾ, ಅದು ನಮ್ಮ ಮೇಷ್ಟ್ರಲ್ವಾ?”

ನಾನೂರು ತಲೆಗಳು ಗೋಡೆಯಿಂದ ಮುಂದಿನ ಸಾಲಿಗೆ ತಿರುಗಿದವು. ಮೇಷ್ಟ್ರು ಎದ್ದರು. ಚಿತ್ರದ ಹತ್ತಿರ ಹೋಗಿ ತಮ್ಮ ಮುಖವನ್ನು ನೋಡಿದರು. ಕಿವಿಯ ಮೇಲಿನ ಆ ಕೈಗಳನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. “ಇದು ನನ್ನ ಚಿತ್ರ ಅಲ್ಲ,” ಎಂದು ಯಾರಿಗೋ ಹೇಳಿದವರಂತೆ ಹೇಳಿ, ಜನ ಬಿಟ್ಟ ದಾರಿಯಲ್ಲಿ ಹೊರಗೆ ನಡೆದರು. ಕಂಬಳಿ ಕೆಳಗೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ.

ಮರುದಿನವೇ ಅವರು ಮಂಡಳಿಗೆ ದೂರು ಕೊಟ್ಟರು. ಪಂಪ್ ಮನೆಯ ಮೇಲಿನ ಕೋಣೆಯಲ್ಲಿ ಮಂಡಳಿಯ ಮೂವರು ಕೂತಿದ್ದರು. ಕೆಳಗಿನ ಯಂತ್ರದ ಅದುರಿಗೆ ಮೇಜಿನ ಮೇಲಿನ ನೀರಿನ ಲೋಟಗಳು ಸಣ್ಣಗೆ ಕಿಣಿಗುಡುತ್ತಿದ್ದವು.

“ನಾನು ಬರೆದ ಚಿತ್ರದಲ್ಲಿ ಇಲ್ಲದ್ದನ್ನ ಇವಳು ಸೇರಿಸಿದ್ದಾಳೆ. ಅಳಿಸಬೇಕು,” ಎಂದರು ಮೇಷ್ಟ್ರು.

“ಚಿತ್ರದಲ್ಲಿ ಇರ್ಲಿಲ್ಲ, ಸರಿ,” ಎಂದಳು ಮಂಡಳಿಯ ಮುಖ್ಯಸ್ಥೆ. ಅವಳೂ ಒಂದು ಕಾಲದಲ್ಲಿ ಅವರ ವಿದ್ಯಾರ್ಥಿನಿ. “ಬಾಗಿಲ ಹತ್ರ? ಅಲ್ಲಿ ನೀವಿದ್ರಾ ಮೇಷ್ಟ್ರೇ?”

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಕಂಡವಳು ಅಮ್ಮ ಒಬ್ಬಳೇ, ಅವಳ ಮಾತನ್ನು ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಮಗಳು ಗೋಡೆಗೊರಗಿ ನಿಂತು ಆ ಇಲ್ಲವನ್ನೇ ಕಾಯುತ್ತಿದ್ದಳು. ಅದಕ್ಕೆ ಎದುರು ಹೇಳಬೇಕಾದ ಮಾತುಗಳನ್ನೆಲ್ಲ ಸಾಣೆ ಹಿಡಿದು ಇಟ್ಟುಕೊಂಡಿದ್ದಳು.

“ಇದ್ದೆ,” ಎಂದರು ಮೇಷ್ಟ್ರು. “ಇದ್ದೆ. ಅದಕ್ಕೇ ಬರೆದೆ. ಶಾಲೇಲಿದ್ದಿದ್ರೆ ಬರೀತಿರ್ಲಿಲ್ಲ.”

ಮೇಷ್ಟ್ರು ಮಗಳ ಕಡೆ ತಿರುಗಿದರು. “ಸಮಾಧಾನ ಆಯ್ತಾ ನಿನಗೆ?”

“ಇಲ್ಲ.”

“ಆಗದೇ ಇರ್ಲಿ. ಎಂದಿಗೂ ಆಗದೇ ಇರ್ಲಿ ನಿನಗೆ.”

ಚಿತ್ರ ಇದ್ದ ಹಾಗೇ ಇರಲಿ ಎಂದು ಮಂಡಳಿ ತೀರ್ಮಾನಿಸಿತು. ಮೇಷ್ಟ್ರು ಊಟದ ಹಾಲ್‌ಗೆ ಬರುವುದನ್ನು ಬಿಟ್ಟರು. ಕೆಲವರು ಅವರ ಬೀದಿಯಲ್ಲಿ ಹಾದುಹೋಗುವಾಗ ಬೇಕೆಂದೇ ಗಟ್ಟಿಯಾಗಿ ಹೆಜ್ಜೆ ಹಾಕುತ್ತ “ಓಡ್ರೋ, ಓಡ್ರೋ” ಎಂದು ನಗುತ್ತಿದ್ದರು. ಹಾಗೆಂದು ಅಮ್ಮನನ್ನು ಯಾರೂ ಹತ್ತಿರ ಕರೆಯಲಿಲ್ಲ. ಹಸಿರು ಹಸಿರೇ. ಸಿಟ್ಟಿಗೆ ಎರಡು ಮನೆಗಳಾದವು, ಅಷ್ಟೇ.

ಒಂದು ಮಧ್ಯಾಹ್ನ ಮುಖ್ಯ ಅಡುಗೆಯವಳು ಬಣ್ಣದ ಕೋಣೆಗೆ ಬಂದು ಬಾಗಿಲಲ್ಲಿ ನಿಂತಳು.

“ಮೂವತ್ತೊಂದು ವರ್ಷ ನಿಮ್ಮಮ್ಮನ್ನ ಬೈಕೊಂಡು ಅಡುಗೆ ಮಾಡ್ದೆ ನಾನು,” ಎಂದಳು. “ತಮ್ಮನ ಮುಖ ನೋಡೋದು, ಅವಳ ಮುಖ ನೋಡೋದು, ಬೈಯೋದು, ಬಡಿಸೋದು. ಬದುಕು ನಡೀತಿತ್ತು. ಈಗ ಅಲ್ಲಿ ನೋಡಿದ್ರೆ ಆ ಮನುಷ್ಯ ಕಿವಿ ಮುಚ್ಕೊಂಡು ನಿಂತಿದ್ದಾನೆ. ಬೈಯೋಕೆ ಬಾಯಿ ಬರಲ್ಲ. ಈಗ ಯಾರನ್ನ ಬೈಲೇ ನಾನು?”

“ನನ್ನ ಬೈಯಿರಿ.”

“ಬೈತೀನಿ,” ಎಂದಳು ಅವಳು. ಅಲ್ಲೇ ನಿಂತು, ಉಸಿರು ಕಟ್ಟುವವರೆಗೆ, ಹುಟ್ಟಿಸಿದವರನ್ನೂ ಸೇರಿಸಿ ಬೈದಳು. ಆಮೇಲೆ ಕೈ ಒರೆಸಿಕೊಂಡು ಹೊರಟುಹೋದಳು.

ಮನೆಯಲ್ಲಿ ಅಮ್ಮ ಮಾತು ಬಿಟ್ಟು ಎಂಟು ದಿನವಾಗಿತ್ತು. ಡಬ್ಬಿಯ ಊಟವನ್ನು ಎರಡು ತಟ್ಟೆಗೆ ಹಾಕುತ್ತಿದ್ದಳು, ಮಗಳ ತಟ್ಟೆಯನ್ನು ಮೇಜಿನ ಮೇಲೆ ದೂಡುತ್ತಿದ್ದಳು. ಒಂಬತ್ತನೇ ದಿನ ಮಗಳೇ ಸೋತಳು.

“ನಿನಗೋಸ್ಕರ ಮಾಡಿದ್ದಲ್ವಾ ಅಮ್ಮ? ನಿನ್ನ ಮೈಮೇಲೆ ಕೈ ಮಾಡಿದ್ರಲ್ಲ ಅವತ್ತು.”

“ನನಗೋಸ್ಕರ ಮಾಡು ಅಂತ ನಾ ಕೇಳಿದ್ನಾ? ನನ್ನ ಹತ್ರ ಇದ್ದದ್ದು ಅದೊಂದೇ ಕಣೇ. ಹೇಳದೇ ಇರೋದು. ಯಾರಿಂದಾನೂ ಕಸ್ಕೊಳ್ಳೋಕೆ ಆಗಿರ್ಲಿಲ್ಲ ಅದನ್ನ. ನೀನು ಕಸ್ಕೊಂಡೆ.”

ಮಗಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಹೇಗೆ ಬರೆದಿದ್ದೀಯ ಅವ್ರನ್ನ?” ಎಂದು ಅಮ್ಮ ಕೇಳಿದಳು.

“ನಿನ್ನ ಹಿಂದೆ. ಗೋಡೆಗೆ ಒರಗಿದ ಹಾಗೆ.”

“ಕೈ?”

“ಕಿವಿ ಮೇಲೆ.”

ಅಮ್ಮ ತುಟಿ ಬಿಗಿದಳು. “ಆ ಬಾಗಿಲ ಮೋಟಾರು ಕೆಟ್ಟಿತ್ತು ಅವತ್ತು. ಕೈಯಲ್ಲೇ ತಳ್ಳಬೇಕು. ನನ್ನೊಬ್ಬಳ ಕೈಲಿ ಒಂದು ಗೇಣೂ ಸರೀಲಿಲ್ಲ. ಮೇಷ್ಟ್ರೇ ಕೈ ಹಾಕಿ ಅಂದೆ.”

“ಮತ್ತೆ?”

“ಹಾಕಿದ್ರು. ಹೆಂಡ್ತಿ ಮುಖ ನೋಡ್ತಾನೇ ತಳ್ಳಿದ್ರು. ಕೊನೇ ಗೇಣು ಅವ್ರೇ ತಳ್ಳಿದ್ದು, ನನ್ನ ಕೈ ಸೋತಿತ್ತು.” ಅಮ್ಮ ಎದ್ದು ತಟ್ಟೆಗಳನ್ನು ಒಂದರೊಳಗೊಂದು ಇಟ್ಟಳು. “ನೀನು ಈಚೆ ಎರಡನೇ ಬಾಗಿಲ ಹತ್ರ ಆಡ್ಕೊಂಡಿದ್ದೆ. ನೀನೀಗ ಇಲ್ಲಿ ಕೂತಿರೋದು ಆ ಕೈಯಿಂದ.”

ಅವತ್ತು ಮಗಳು ಹಾಲ್‌ಗೆ ಹೋಗಿ ಚಿತ್ರದ ಮುಂದೆ ನಿಂತಳು. ಬಣ್ಣದ ಕೋಣೆಯಲ್ಲಿ ಬೂದು ಉಳಿದಿತ್ತು, ಚರ್ಮದ ಬಣ್ಣವೂ ಉಳಿದಿತ್ತು. ಎರಡು ತಾಸಿನ ಕೆಲಸ. ಕೈಗಳನ್ನು ಕಿವಿಯಿಂದ ತೆಗೆದು ಬಾಗಿಲಿಗೆ ಹಚ್ಚಿದರೆ ಊರು ಆ ಮುದುಕನನ್ನು ಬದುಕಲು ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕ್ಷಮಿಸುವ ಮನಸ್ಸೂ ಅವಳಿಗೆ ಬರಲಿಲ್ಲ. ಹಿಂದಿನಿಂದ ಯಾರೋ ತಟ್ಟೆಯಿಂದ ಬೆನ್ನಿಗೆ ತಿವಿದು “ದಾರಿ ಬಿಡು” ಎಂದರು. ಬಿಟ್ಟಳು.

ಮೇಷ್ಟ್ರು ಮುಂದಿನ ವರ್ಷ ತೀರಿಕೊಂಡರು. ಅಷ್ಟರಲ್ಲಿ ಊರಿನವರ ಬಾಯಲ್ಲಿ ಬೇರೆ ಮಾತು ಬಂದಿತ್ತು. ಪಾಪ, ಹೆಂಡತಿಯ ಕೂಗು ಕೇಳಲಾಗದೆ ಕಿವಿ ಮುಚ್ಚಿಕೊಂಡುಬಿಟ್ಟಿದ್ದರಂತೆ, ಇನ್ನೇನು ಮಾಡಿಯಾರು ಎನ್ನುತ್ತಿದ್ದರು. ಒಮ್ಮೆ ಮಗಳು ನೀರಿನ ಪೈಪಿನ ಕೆಳಗೆ ಬೆನ್ನ ಮೇಲೆ ಮಲಗಿ ನೀಲಿ ಪಟ್ಟಿ ಎಳೆಯುತ್ತಿದ್ದಾಗ ಪಂಪ್ ಮನೆಯವನು ಬಗ್ಗಿ ಕೇಳಿದ: “ಅವ್ರು ನಿಜವಾಗ್ಲೂ ಹಾಗೇ ನಿಂತಿದ್ರಾ? ಕಿವಿ ಮುಚ್ಕೊಂಡು?”

“ಹಾಗೇ ನಿಂತಿದ್ರಂತೆ,” ಎಂದಳು ಅವಳು. “ಕಾಲು ತೆಗಿ, ಬಣ್ಣ ತಾಗುತ್ತೆ.”